ಅಮ್ಮನನ್ನು ಸುಮ್ನೆ ಕೂರಿಸಿ ತಪ್ಪು ಮಾಡಿದೆವು

ವಯಸ್ಸಾದವರ ಸ್ನಾಯುಗಳಿಗೂ ದಿನಾ ಕೆಲಸ ಬೇಕು ಅಂತ ಬರೆದಿದ್ದೀರಿ, ನೂರಕ್ಕೆ ನೂರು ನಿಜ ಸರ್. ನಮ್ಮದು ದಾವಣಗೆರೆ. ಅಮ್ಮನಿಗೆ 74. ಹೋದ ವರ್ಷದವರೆಗೂ ನೆಲದ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದರು, ಸಂತೆಗೂ ಅವರೇ ಹೋಗಿ ಬರುತ್ತಿದ್ದರು. ಒಮ್ಮೆ ಜ್ವರ ಬಂದು ಮಲಗಿದ್ದೇ ನೆಪ, ಆಮೇಲೆ ನಾವೇ 'ಅಮ್ಮಾ, ನೀನು ಏಳಬೇಡ, ಸುಮ್ನೆ ಕೂತಿರು' ಅಂತ ಪ್ರೀತಿಯಿಂದಲೇ ಎಲ್ಲ ಕೆಲಸ ಬಿಡಿಸಿಬಿಟ್ಟೆವು. ನಾಲ್ಕೇ ತಿಂಗಳು. ಕುರ್ಚಿಯಿಂದ ಏಳಬೇಕಾದರೆ ಎರಡೂ ಕೈ ಊರಿ, ಒಂದು ಸಲ ಮುಂದಕ್ಕೆ ತೂಗಿ, ಉಸಿರು ಬಿಟ್ಟು ಏಳುತ್ತಿದ್ದರು. ನೋಡಿ ಕರುಳು ಚುರುಕ್ ಅಂದಿತು.

30 ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು ಶೇಕಡಾ 3ರಿಂದ 8ರಷ್ಟು ಸ್ನಾಯು ಕರಗುತ್ತದೆ, 60ರ ನಂತರ ಇನ್ನೂ ಜಾಸ್ತಿ. ಆದರೆ 1990ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ 90ರ ಆಸುಪಾಸಿನ ಕೆಲವರಿಗೆ 8 ವಾರ ಕಾಲಿನಿಂದ ಭಾರ ಎತ್ತಿಸಿದಾಗ ಅವರ ಕಾಲಿನ ಬಲ ಸರಾಸರಿ ಎರಡು ಪಟ್ಟು ಮೀರಿತ್ತು! ಅದನ್ನು ಓದಿಯೇ ನಮಗೆ ಧೈರ್ಯ ಬಂದಿದ್ದು. ಡಾಕ್ಟರನ್ನು ಕೇಳಿ ಶುರು ಮಾಡಿದೆವು. ಈಗ ಅಮ್ಮ ಬೆಳಗ್ಗೆ ಹತ್ತು ಸಲ, ಸಂಜೆ ಹತ್ತು ಸಲ ಕುರ್ಚಿಯಿಂದ ಎದ್ದು ಕೂರುತ್ತಾರೆ, ಊಟಕ್ಕೆ ಹೆಸರುಕಾಳು, ಶೇಂಗಾ ಚಟ್ನಿ, ಮೊಸರು ಜಾಸ್ತಿ ಹಾಕುತ್ತೇವೆ. ನಿನ್ನೆ ಒಂದೇ ಕೈ ಊರಿ ಎದ್ದರು.