ಜೂನ್‌ನಲ್ಲೇ ಹೇಳಿಬಿಟ್ಟರೆ ಆಗಲ್ವಾ?

ನಾಲ್ಕು ಜನ ಮೇಷ್ಟ್ರುಗಳು ಒಂದು ಕಡೆ ಸೇರಿದರೆ ಮಾತು ಎಲ್ಲೆಲ್ಲೋ ಸುತ್ತಿ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತದೆ. "ಪೇರೆಂಟ್ಸ್‌ಗೆ ಜವಾಬ್ದಾರಿನೇ ಇಲ್ಲ ರೀ." ಪ್ರಾರ್ಥನೆ ಮುಗಿದ ಮೇಲೆ ಮಗು ಬರುತ್ತದೆ. ಸಭೆಗೆ ಕರೆದರೆ ಯಾರೂ ಬರಲ್ಲ. ಆಧಾರ್ ಜೆರಾಕ್ಸ್ ಕೇಳಿ ತಿಂಗಳಾಯ್ತು, ಇನ್ನೂ ತಂದಿಲ್ಲ. ಕ್ಲಸ್ಟರ್ ಸಭೆಯಲ್ಲಿ, ತರಬೇತಿಯ ಟೀ ಬಿಡುವಿನಲ್ಲಿ, ಬಸ್ ಕಾಯುವಾಗ, ಎಲ್ಲ ಕಡೆ ಇದೇ ರಾಗ.

ನಾನೂ ಟೀಚರೇ. ಒಂದರಿಂದ ಐದನೇ ತರಗತಿವರೆಗಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಇದ್ದೇನೆ. ಈ ರಾಗಕ್ಕೆ ದನಿಗೂಡಿಸಲು ನನಗೆ ಮನಸ್ಸಿಲ್ಲ. ಶಾಲೆಯಲ್ಲಿ ದಿನಾ ಏನು ನಡೆಯುತ್ತದೆ, ಯಾಕೆ ಹಾಗೆ ನಡೆಯುತ್ತದೆ, ಮನೆಯವರಿಂದ ನಮಗೆ ಏನು ಬೇಕು, ಈ ಮೂರನ್ನು ಶಾಲೆ ಶುರುವಾಗುವ ಹೊತ್ತಿಗೇ ಕೂತು ಹೇಳಿದ್ದರೆ ನಮ್ಮ ದೂರುಗಳಲ್ಲಿ ಮುಕ್ಕಾಲು ಪಾಲು ಹುಟ್ಟುತ್ತಲೇ ಇರಲಿಲ್ಲ. ನಾವು ಹೇಳುವುದಿಲ್ಲ. ಹೇಳಿದೆವು ಅಂತ ಅಂದುಕೊಳ್ಳುತ್ತೇವೆ, ಅಷ್ಟೇ.

ನಲಿ-ಕಲಿಯನ್ನೇ ತಗೊಳ್ಳಿ. ಚಿಕ್ಕ ಕ್ಲಾಸಿನ ಮಕ್ಕಳಿಗೆ ಕಲಿಸುವ ಈ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದದ್ದು. 2009-10ರ ಹೊತ್ತಿಗೆ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂರುತ್ತಾರೆ. ಪುಸ್ತಕ ಹಿಡಿದು "ಮೊದಲನೇ ಪಾಠ ತೆಗೀರಿ" ಅನ್ನುವುದಿಲ್ಲ. ಕಾರ್ಡುಗಳಿವೆ. ಒಂದು ಕಾರ್ಡಿನ ಕೆಲಸ ಮುಗಿಸಿದ ಮಗು ಮುಂದಿನ ಮೆಟ್ಟಿಲಿಗೆ ಹೋಗುತ್ತದೆ. ತಲೆ ಮೇಲೆ ದಾರದ ಚಪ್ಪರ, ಅದರಲ್ಲಿ ಮಕ್ಕಳು ಬರೆದದ್ದು, ಬಣ್ಣ ಹಚ್ಚಿದ್ದು ನೇತಾಡುತ್ತಿರುತ್ತದೆ. ಕಿಟಕಿಯಿಂದ ಇಣುಕಿದವರಿಗೆ ಏನು ಕಾಣುತ್ತದೆ? ಮಕ್ಕಳು ಎದ್ದು ಓಡಾಡುತ್ತಿವೆ, ಗಲಾಟೆ, ಮೇಡಂ ನೆಲದ ಮೇಲೆ ಕೂತಿದ್ದಾರೆ. ಇದ್ಯಾವ ಸೀಮೆ ಪಾಠ ಅಂತ ಅನ್ನಿಸಿದರೆ ತಪ್ಪೇನು? ಅವರು ಓದಿದ ಕಾಲದಲ್ಲಿ ಮೇಷ್ಟ್ರು ನಿಂತಿದ್ದರು, ಮಕ್ಕಳು ಕೂತಿದ್ದರು.

ಅಕ್ಷರದ ವಿಷಯಕ್ಕೆ ಬಂದರೆ ಇನ್ನೂ ಮಜಾ. ಒಂದನೇ ಕ್ಲಾಸಿಗೆ ಸೇರಿಸಿದ ಒಬ್ಬ ತಾಯಿ ಗೇಟಿನ ಹತ್ತಿರ ನಿಲ್ಲಿಸಿ ಕೇಳಿದರು: "ಏನ್ ಮೇಡಂ, ನಮ್ ಹುಡ್ಗೀಗೆ ಇನ್ನೂ ಅ ಆ ಇ ಈ ಬರಲ್ವಲ್ಲ. ಪಕ್ಕದ್ಮನೆ ಕಾನ್ವೆಂಟ್ ಹುಡ್ಗ ಅಃ ವರ್ಗೂ ಪಟಪಟ ಹೇಳ್ತಾನೆ." ಅವರ ಮುಖದಲ್ಲಿ ಜಗಳ ಇರಲಿಲ್ಲ, ಭಯ ಇತ್ತು. ಸರ್ಕಾರಿ ಶಾಲೆಗೆ ಹಾಕಿ ಮಗಳನ್ನು ಹಾಳು ಮಾಡಿಬಿಟ್ಟೆನಾ ಅನ್ನೋ ಭಯ.

ನಲಿ-ಕಲಿಯಲ್ಲಿ ಮಗು ಅ ಆ ಇ ಈ ಇಂದ ಶುರು ಮಾಡುವುದೇ ಇಲ್ಲ. ಶುರು ಆಗುವುದು ರ ಗ ಸ ದ ಅ. ಆಮೇಲೆ ಜ ವ ಮ ಬ ನ. ಮೊದಲ ಐದೇ ಅಕ್ಷರ ಬಂದರೆ ಸಾಕು, ಮಗು ಸರ ಅಂತ ಓದುತ್ತದೆ, ರಸ ಓದುತ್ತದೆ, ಅರಸ, ದಸರ, ಗರಗಸ ಎಲ್ಲ ಓದುತ್ತದೆ. ಕೊಂಬು ದೀರ್ಘ ಏನೂ ಬೇಡ. ಆ ತಾಯಿಯ ಮುಂದೆಯೇ ಮಗಳನ್ನು ಕರೆದು ಚಾಕ್‌ಪೀಸಲ್ಲಿ ನೆಲದ ಮೇಲೆ "ಗರಗಸ" ಅಂತ ಬರೆದೆ. ಹುಡುಗಿ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಗ, ರ, ಗ, ಸ ಅಂತ ಹೇಳಿ, ಆಮೇಲೆ ಒಟ್ಟಿಗೆ ಓದಿದಳು. "ಅಯ್ಯೋ, ಓದ್ತಾಳಲ್ಲ!" ಅಂದರು ತಾಯಿ. ಪಕ್ಕದ ಮನೆ ಹುಡುಗ ಅಃ ವರೆಗೆ ಬಾಯಿಪಾಠ ಹೇಳಬಹುದು. ಈ ಹುಡುಗಿ ಓದುತ್ತಾಳೆ. ಎರಡು ನಿಮಿಷದ ಕೆಲಸ ಇದು. ಇದನ್ನು ಪ್ರತಿ ಮನೆಯವರಿಗೂ ಒಂದು ಸಲ ತೋರಿಸಿಬಿಟ್ಟರೆ, ಮನೆಯಲ್ಲಿ ಸಂಜೆ ಕೂರಿಸಿಕೊಂಡು "ಅ ಆ ಹೇಳು" ಅಂತ ಬೆನ್ನಿಗೆ ಗುದ್ದುವುದು ನಿಲ್ಲುತ್ತದೆ. ಅದರ ಬದಲು "ಇವತ್ತು ಯಾವ ಕಾರ್ಡು ಮಾಡಿದೆ?" ಅಂತ ಕೇಳಲು ಶುರು ಮಾಡುತ್ತಾರೆ.

ಮಾತ್ರೆಯ ಕಥೆ ಇದಕ್ಕಿಂತ ಗಂಭೀರ. ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಕೊಡುತ್ತೇವೆ, ಚಿಕ್ಕ ಮಕ್ಕಳಿಗೆ ಗುಲಾಬಿ ಬಣ್ಣದ್ದು. ಆ ಮಾತ್ರೆ ತಿಂದರೆ ಮಕ್ಕಳು ಎರಡಕ್ಕೆ ಹೋದಾಗ ಕಪ್ಪಗೆ ಹೋಗುತ್ತದೆ. ಅದೇನೂ ಕಾಯಿಲೆ ಅಲ್ಲ, ಕಬ್ಬಿಣಾಂಶ ಹೊರಗೆ ಹೋಗುವ ಬಣ್ಣ. ಆದರೆ ಮೊದಲೇ ಗೊತ್ತಿಲ್ಲದ ತಾಯಿಗೆ ಬೆಳಿಗ್ಗೆ ಆರು ಗಂಟೆಗೆ ಅದು ಕಂಡರೆ ಎದೆ ಧಸಕ್ ಅನ್ನಲ್ವಾ? ಖಾಲಿ ಹೊಟ್ಟೆಯಲ್ಲಿ ತಿಂದರೆ ಹೊಟ್ಟೆ ತೊಳಸುತ್ತದೆ, ಒಂದೆರಡು ಮಕ್ಕಳು ವಾಂತಿ ಮಾಡುತ್ತವೆ. ಒಬ್ಬ ವಾಂತಿ ಮಾಡಿದರೆ ನೋಡಿದವರೂ ಮಾಡುತ್ತಾರೆ, ಮಕ್ಕಳು ಅಂದರೆ ಹಾಗೇ. ಅಷ್ಟಾದರೆ ಸಾಕು, ಊರ ವಾಟ್ಸಾಪ್ ಗುಂಪಿನಲ್ಲಿ "ಶಾಲೆಯಲ್ಲಿ ಮಾತ್ರೆ ತಿಂದ ಮಕ್ಕಳು ಅಸ್ವಸ್ಥ" ಅಂತ ಸುದ್ದಿ. ವರ್ಷಕ್ಕೆರಡು ಸಲ ಬರುವ ಜಂತುಹುಳು ಮಾತ್ರೆ ದಿನ ಅರ್ಧ ಕ್ಲಾಸು ಖಾಲಿ. ಆಮೇಲೆ ನಾವು "ಈ ಜನಕ್ಕೆ ತಿಳುವಳಿಕೆ ಇಲ್ಲ" ಅನ್ನುತ್ತೇವೆ. ತಿಳಿಸಿದರೆ ತಾನೇ ತಿಳುವಳಿಕೆ ಇರುವುದು! ಮಾತ್ರೆ ಕೊಡುವ ಹಿಂದಿನ ದಿನ ಮಕ್ಕಳ ಕೈಲಿ ಒಂದು ಮಾತು ಹೇಳಿ ಕಳಿಸಿದರೂ ಸಾಕಾಗಲ್ಲ, ಅದು ದಾರಿಯಲ್ಲೇ ಉದುರಿಹೋಗುತ್ತದೆ. ದೊಡ್ಡವರಿಗೆ ದೊಡ್ಡವರೇ ಹೇಳಬೇಕು.

ಊಟ, ಹಾಲಿನದ್ದೂ ಇದೇ ಪಾಡು. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯ ಇದೆ, ಎಲ್ಲರಿಗೂ ಗೊತ್ತು. ಗೊತ್ತಿರುವುದರಿಂದಲೇ ಒಂದು ತೊಂದರೆ. "ಶಾಲೇಲಿ ಹಾಲು ಕೊಡ್ತಾರಲ್ಲ" ಅಂತ ತಿಂಡಿ ಕೊಡದೆ ಕಳಿಸುತ್ತಾರೆ. ಒಂದು ಲೋಟ ಹಾಲಲ್ಲಿ ಮಧ್ಯಾಹ್ನದವರೆಗೆ ಮಗು ಹೇಗೆ ತಡೆದುಕೊಳ್ಳುತ್ತದೆ? ಹಾಲು ತಿಂಡಿಯ ಬದಲಿಗೆ ಅಲ್ಲ, ತಿಂಡಿ ಆದ ಮೇಲೆ ಅಂತ ಬಾಯಿಬಿಟ್ಟು ಹೇಳಬೇಕು. ಮೊಟ್ಟೆಯದ್ದು ಮತ್ತೊಂದು. ತಿನ್ನುವ ಮಕ್ಕಳಿಗೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ಯಾರು ತಿನ್ನುತ್ತಾರೆ ಅಂತ ಮನೆಯವರನ್ನು ಕೇಳಿ ಬರೆದುಕೊಂಡಿರುತ್ತೇವೆ, ಸರಿ. ಶ್ರಾವಣ ಶನಿವಾರ ಏನು ಮಾಡಬೇಕು ಅಂತ ಕೇಳಿರುತ್ತೇವಾ? ವರ್ಷಪೂರ್ತಿ ಮೊಟ್ಟೆ ತಿನ್ನುವ ಮನೆಯಲ್ಲೂ ಶ್ರಾವಣದಲ್ಲಿ ಬಿಡುತ್ತಾರೆ. ಮಗು ಶಾಲೆಯಲ್ಲಿ ತಿಂದು ಬಂದು ಅಜ್ಜಿಯ ಹತ್ತಿರ ಹೇಳಿ, ಅಜ್ಜಿ ಸೆರಗು ಸಿಕ್ಕಿಸಿಕೊಂಡು ಶಾಲೆಗೆ ಬಂದು... ಬೇಡ ಬಿಡಿ. ಅಜ್ಜಿ ಹೇಳಿದ್ದರಲ್ಲಿ ನ್ಯಾಯ ಇತ್ತು.

ಹೋಂವರ್ಕ್ ಬಗ್ಗೆ ಹೆಚ್ಚು ಹೇಳಲ್ಲ. ಒಂದು, ಎರಡನೇ ಕ್ಲಾಸಿಗೆ ಹೋಂವರ್ಕ್ ಕೊಡಬಾರದು, ಅವರ ಬ್ಯಾಗು 2 ಕೆ.ಜಿ. ದಾಟಬಾರದು ಅಂತ 2019ರಲ್ಲೇ ಸರ್ಕಾರದ ಆದೇಶ ಆಗಿದೆ. ಪೋಷಕರಿಗೆ ಇದು ಗೊತ್ತಿಲ್ಲ. ಹಾಗಾಗಿ ಹೋಂವರ್ಕ್ ಕೊಡದ ಟೀಚರ್ ಸೋಮಾರಿ, ಕೊಡುವವರು ಒಳ್ಳೆಯವರು.

ಈಗ ನೀವು ಕೇಳಬಹುದು, ಪೋಷಕರ ಸಭೆ ಅಂತ ಇದೆಯಲ್ಲ? ಇದೆ. ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ, ಜಾರಿ ಆದದ್ದು 2010ರ ಏಪ್ರಿಲ್‌ನಲ್ಲಿ. ಅದರ 24ನೇ ಸೆಕ್ಷನ್ನಿನಲ್ಲಿ ಶಿಕ್ಷಕರ ಕೆಲಸಗಳ ಪಟ್ಟಿ ಇದೆ. ಪೋಷಕರ ಸಭೆಗಳನ್ನು ತಪ್ಪದೆ ಕರೆದು ಮಗುವಿನ ಹಾಜರಿ, ಕಲಿಕೆ, ಪ್ರಗತಿ ಬಗ್ಗೆ ತಿಳಿಸಬೇಕು ಅನ್ನುವುದೂ ಆ ಪಟ್ಟಿಯಲ್ಲಿದೆ. ಅಂದರೆ ಇದು ನಾವು ದೊಡ್ಡ ಮನಸ್ಸು ಮಾಡಿ ಕೊಡುವ ಮಾಹಿತಿ ಅಲ್ಲ, ನಮ್ಮ ಸಂಬಳದ ಕೆಲಸ. ಇನ್ನು 21ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಭಾಗ ತಂದೆ ತಾಯಿಗಳೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು. ನಮ್ಮ ಎಸ್‌ಡಿಎಂಸಿಗಳೂ, ಅಂದರೆ ಸರ್ಕಾರಿ ಶಾಲೆಗಳ ಈ ಸಮಿತಿಗಳೂ, ಕಾಗದದ ಮೇಲೆ ಹಾಗೇ ಇವೆ.

ಸಭೆ ಯಾವಾಗ ಇಡುತ್ತಾರೆ ಅಂತ ನೋಡಿ. ಬೆಳಿಗ್ಗೆ ಹನ್ನೊಂದು ಗಂಟೆ. ಆ ಹೊತ್ತಿಗೆ ಕೂಲಿಗೆ ಹೋಗುವವರು ಹೊಲದಲ್ಲಿರುತ್ತಾರೆ. ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರು ಬೆಳಕು ಹರಿಯುವಾಗಲೇ ವ್ಯಾನ್ ಹತ್ತಿರುತ್ತಾರೆ. ಒಂದು ದಿನ ರಜೆ ಹಾಕಿದರೆ ಆ ದಿನದ ದುಡ್ಡು ಹೋಗುತ್ತದೆ. ಅಷ್ಟು ಕಳೆದುಕೊಂಡು ಬಂದವರಿಗೆ ನಾವು ಏನು ಕೊಡುತ್ತೇವೆ? ಹೆಡ್‌ಮಾಸ್ಟರ್ ಭಾಷಣ, ರಿಜಿಸ್ಟರಿನಲ್ಲಿ ಸಹಿ, ಮೇಲಿನವರಿಗೆ ಕಳಿಸಲು ಒಂದು ಫೋಟೊ. ನಿಮ್ಮ ಮಗು ಹೇಗಿದೆ ಅಂತ ಅವರ ಪಕ್ಕ ಕೂತು ಹೇಳುವವರು ಯಾರೂ ಇಲ್ಲ. ಮುಂದಿನ ಸಭೆಗೆ ಯಾಕೆ ಬರುತ್ತಾರೆ ಹೇಳಿ. ಸಂಜೆ ಏಳಕ್ಕೆ ದೇವಸ್ಥಾನದ ಕಟ್ಟೆ ಮೇಲೆ ಸಭೆ ಇಡೋಣ ಅಂತ ಒಂದು ಕಡೆ ಸಲಹೆ ಕೊಟ್ಟೆ. ಕತ್ತಲಲ್ಲಿ ಫೋಟೊ ಸರಿಯಾಗಿ ಬರಲ್ಲ ಮೇಡಂ ಅಂದರು! ತಮಾಷೆಗೆ ಹೇಳಿದ್ದಲ್ಲ, ನಿಜವಾದ ಚಿಂತೆ ಅದು.

ಇನ್ನು ವಾಟ್ಸಾಪ್. "ಗ್ರೂಪಲ್ಲಿ ಹಾಕಿದ್ದೀನಲ್ಲ" ಅನ್ನುವುದು ಈಗ ಎಲ್ಲದಕ್ಕೂ ಉತ್ತರ. ಹಾಕಿದ್ದು ಏನು? "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಅಂತ ಶುರುವಾಗುವ ಸುತ್ತೋಲೆಯ ಪಿಡಿಎಫ್. ಅದನ್ನು ಓದಿದರೆ ನನಗೇ ಎರಡನೇ ಸಲ ಓದಬೇಕು ಅನ್ನಿಸುತ್ತದೆ. ಅದೂ ಅಪ್ಪನ ಫೋನಿಗೆ ಹೋಗುತ್ತದೆ. ಮಗುವಿಗೆ ತಲೆ ಬಾಚಿ ಶಾಲೆಗೆ ಕಳಿಸುವುದು ಅಮ್ಮ. ಫೋನು ಅಪ್ಪನ ಜೇಬಲ್ಲಿ, ಅಪ್ಪ ಲಾರಿಯಲ್ಲಿ, ಲಾರಿ ಹುಬ್ಬಳ್ಳಿಯಲ್ಲಿ. ತಲುಪಿತಾ ಮಾಹಿತಿ? ನೀಲಿ ಟಿಕ್ ಬಂದಿದೆ, ಅಷ್ಟೇ.

ನಾನು ಪಿಡಿಎಫ್ ಹಾಕುವುದನ್ನು ಬಿಟ್ಟು ವಾಯ್ಸ್ ಮೆಸೇಜ್ ಕಳಿಸುತ್ತೇನೆ. ಒಂದು ನಿಮಿಷಕ್ಕಿಂತ ಉದ್ದ ಬೇಡ. ನಮ್ಮ ಕಡೆ ಮಾತಾಡುವ ಹಾಗೇ. "ಅಮ್ಮಂದಿರೇ, ನಾಳೆ ಮಾತ್ರೆ ಕೊಡ್ತೀವಿ. ತಿಂಡಿ ತಿನ್ನಿಸಿ ಕಳಿಸಿ. ಎರಡಕ್ಕೆ ಕಪ್ಪಗೆ ಹೋದ್ರೆ ಹೆದರ್ಕೋಬೇಡಿ." ಓದು ಬರದವರಿಗೂ ಕೇಳುತ್ತದೆ. ರಾತ್ರಿ ಅಡುಗೆ ಮಾಡುತ್ತಾ ಕೇಳುತ್ತಾರೆ, ಅತ್ತೆಗೂ ಕೇಳಿಸುತ್ತಾರೆ. ಉತ್ತರವೂ ವಾಯ್ಸಲ್ಲೇ ಬರುತ್ತದೆ, ಹಿಂದೆ ಕುಕ್ಕರ್ ಕೂಗುತ್ತಿರುತ್ತದೆ. "ಮೇಡಂ, ನಮ್ಮೋನಿಗೆ ಜ್ವರ ಇತ್ತು, ನಾಳೆ ಮಾತ್ರೆ ಕೊಡಬಹುದಾ?" ಇಂಥ ಪ್ರಶ್ನೆ ಪಿಡಿಎಫ್‌ಗೆ ಯಾವತ್ತೂ ಬಂದದ್ದಿಲ್ಲ.

ಖಾಸಗಿ ಶಾಲೆಗಳಲ್ಲಿ ಎಲ್ಲ ಚೆನ್ನಾಗಿದೆ ಅಂತಲೂ ಅಲ್ಲ. ಬೆಂಗಳೂರಲ್ಲಿರುವ ನನ್ನ ತಂಗಿಯ ಮಗ ಯುಕೆಜಿ. ಶಾಲೆಯದ್ದೇ ಆ್ಯಪ್. ನಾಳೆ ಹಳದಿ ಬಟ್ಟೆ, ನಾಡಿದ್ದು ಹಣ್ಣಿನ ವೇಷ, ಆಚೆ ನಾಡಿದ್ದು ಥರ್ಮಕೋಲ್ ಜ್ವಾಲಾಮುಖಿ. ಹುಡುಗ ಜ್ವಾಲಾಮುಖಿ ನೋಡಿಲ್ಲ, ಮಾಡುವವಳು ನನ್ನ ತಂಗಿ, ರಾತ್ರಿ ಹನ್ನೊಂದಕ್ಕೆ. ಇಷ್ಟೆಲ್ಲ ಸಂದೇಶ ಬರುವ ಆ ಆ್ಯಪಿನಲ್ಲಿ, ಅವನು ಕ್ಲಾಸಲ್ಲಿ ಯಾಕೆ ಮಾತೇ ಆಡಲ್ಲ ಅನ್ನುವುದು ಮಾತ್ರ ಅವಳಿಗೆ ವರ್ಷದ ಕೊನೆಯಲ್ಲಿ ಗೊತ್ತಾಯಿತು. ಜಾಸ್ತಿ ಹೇಳುವುದಕ್ಕೂ ಬೇಕಾದ್ದನ್ನು ಹೇಳುವುದಕ್ಕೂ ಸಂಬಂಧವೇ ಇಲ್ಲ.

ಹಾಗಾದರೆ ಬೇಕಾದ್ದು ಏನು? ನನ್ನ ಲೆಕ್ಕದಲ್ಲಿ ಬಹಳ ಇಲ್ಲ. ಶಾಲೆ ಎಷ್ಟಕ್ಕೆ ಶುರು, ಶನಿವಾರ ಎಷ್ಟಕ್ಕೆ ಬಿಡುತ್ತದೆ. ಮಗು ಏನು ತಿನ್ನುತ್ತದೆ. ನಲಿ-ಕಲಿ ಅಂದರೆ ಏನು. ಪರೀಕ್ಷೆ ಬದಲು ನಾಲ್ಕು ಎಫ್‌ಎ (ಪಾಠದ ಜೊತೆಜೊತೆಗೇ ಮಾಡುವ ಮೌಲ್ಯಮಾಪನ), ಎರಡು ಎಸ್‌ಎ (ಅವಧಿಯ ಕೊನೆಯಲ್ಲಿ ಮಾಡುವ ಮೌಲ್ಯಮಾಪನ) ಇದ್ದು ಗ್ರೇಡ್ ಬರುತ್ತದೆ, ರ‍್ಯಾಂಕ್ ಇಲ್ಲ, ಆದ್ದರಿಂದ "ಎಷ್ಟನೇದು ಬಂದ?" ಅಂತ ಕೇಳಿ ಪ್ರಯೋಜನವಿಲ್ಲ. ಜಾತ್ರೆಗೆ ಅಂತ ವಾರಗಟ್ಟಲೆ ಕರೆದುಕೊಂಡು ಹೋದರೆ ನಲಿ-ಕಲಿ ಮಗು ಬಿಟ್ಟ ಕಾರ್ಡಿನಿಂದ ಮುಂದುವರಿಯಬಹುದು, ನಾಲ್ಕನೇ ಕ್ಲಾಸಿನ ಮಗುವಿಗೆ ಕಷ್ಟ. ಮನೆಯಲ್ಲಿ ಪಾಠ ಹೇಳಿಕೊಡುವುದು ಬೇಕಿಲ್ಲ, ಇವತ್ತು ಏನಾಯ್ತು ಅಂತ ಕೇಳಿದರೆ ಸಾಕು. ಇಷ್ಟನ್ನು ಹೇಳಲು ಮನೆಗೊಂದು ಹದಿನೈದು ನಿಮಿಷ ಸಾಕು. ನಮ್ಮಂಥ ಸಣ್ಣ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಹೊಸದಾಗಿ ಸೇರುವ ಮಕ್ಕಳು ಕೈಬೆರಳ ಲೆಕ್ಕದಷ್ಟೇ. ಜೂನ್ ಮುಗಿಯುವುದರೊಳಗೆ ಮಾಡಿ ಮುಗಿಸಬಹುದು. ದಾಖಲೆ ತುಂಬುವ ಕೆಲಸ ತಲೆ ಮೇಲಿದೆ, ಒಪ್ಪುತ್ತೇನೆ. ಆದರೆ ಈ ಹದಿನೈದು ನಿಮಿಷ ಉಳಿಸಿದರೆ ವರ್ಷವಿಡೀ ಗೇಟಿನ ಹತ್ತಿರ ವಾದ ಮಾಡುತ್ತಾ ಕಳೆಯುತ್ತೇವೆ.

ಅವರ ಮನೆಗೇ ಹೋದರೆ ಇನ್ನೊಂದು ಲಾಭ. ನಮಗೂ ಗೊತ್ತಾಗುತ್ತದೆ. ಯಾವ ಮಗುವಿಗೆ ಫಿಟ್ಸ್ ಬರುತ್ತದೆ, ಯಾರ ಅಪ್ಪ ಅಮ್ಮ ಬೇರೆ ಇದ್ದಾರೆ, ಯಾರು ಬಂದು ಕರೆದರೆ ಮಗುವನ್ನು ಕಳಿಸಬಾರದು. ಇವನ್ನೆಲ್ಲ ಯಾವ ತಾಯಿಯೂ ಸಭೆಯಲ್ಲಿ ಎದ್ದು ನಿಂತು ಹೇಳಲ್ಲ. ಅಡುಗೆಮನೆ ಬಾಗಿಲಲ್ಲಿ ಕೂತಾಗ, ಕಾಫಿ ಲೋಟ ಕೈಗೆ ಕೊಡುತ್ತಾ, ದನಿ ತಗ್ಗಿಸಿ ಹೇಳುತ್ತಾಳೆ.

ನನಗೆ ಇನ್ನೂ ಬಗೆಹರಿಯದೆ ಉಳಿದಿರುವುದು ಅಜ್ಜಿಯರ ವಿಷಯ. ಅಪ್ಪ ಅಮ್ಮ ಕೆಲಸಕ್ಕೆ ಅಂತ ಬೆಂಗಳೂರು ಸೇರಿರುತ್ತಾರೆ, ಮಗು ಊರಲ್ಲಿ ಅಜ್ಜಿ ಜೊತೆ. ಫೋನಿಲ್ಲ, ಕಿವಿ ಮಂದ, ಸಭೆಗೆ ಕರೆದರೆ "ನಾನ್ ಬಂದ್ ಏನ್ ಮಾಡ್ಲವ್ವ" ಅನ್ನುತ್ತಾರೆ. ಮನೆಗೆ ಹೋಗಿ ಹೇಳಿದ್ದನ್ನು ವಾರದಲ್ಲಿ ಮರೆಯುತ್ತಾರೆ. ಬೆಂಗಳೂರಿಗೆ ಫೋನ್ ಮಾಡಿದರೆ ಅಮ್ಮನಿಗೆ ಕೇಳುತ್ತದೆ, ಆದರೆ ಆಕೆ ಅಲ್ಲಿಂದ ತಿಂಡಿ ತಿನ್ನಿಸಲು ಆಗಲ್ಲವಲ್ಲ. ಇಂಥ ಮನೆಗಳನ್ನು ಹೇಗೆ ತಲುಪುತ್ತೀರಿ? ನಿಮ್ಮ ಶಾಲೆಯಲ್ಲಿ ಏನಾದರೂ ದಾರಿ ಮಾಡಿಕೊಂಡಿದ್ದರೆ ದಯವಿಟ್ಟು ಬರೆದು ತಿಳಿಸಿ. ಶಾಲೆ ಶುರುವಾಗುವುದರೊಳಗೆ ತಿಳಿಸಿದರೆ ಇನ್ನೂ ಒಳ್ಳೆಯದು.