ಏಳಿ ಸಾರ್, ಅದು ಡಿಸೈನು

ಆ ಜಾಹೀರಾತನ್ನು ನೀವೂ ನೋಡಿರುತ್ತೀರಿ. ಭಾನುವಾರದ ಪೇಪರಿನ ಮುಖಕ್ಕೆ ಮುಸುಕು ಹಾಕಿದಂತೆ ಇಡೀ ಹಾಳೆ. 'ಮಲ್ಲೇಶ್ವರದಲ್ಲಿ ಮತ್ತೆ ವಠಾರದ ಬದುಕು.' 14 ಅಂತಸ್ತಿನ ವಠಾರ! ನಮ್ಮಜ್ಜಿ ಇದ್ದಿದ್ದರೆ, 'ಹಪ್ಪಳ ಎಲ್ಲಿ ಒಣಗಿಸೋದೋ?' ಅಂತ ಮೊದಲು ಕೇಳುತ್ತಿದ್ದರು.

ಆ ಜಾಗದಲ್ಲಿ ಮೊದಲಿದ್ದದ್ದೂ ವಠಾರವೇ. ಅದನ್ನು ಕೆಡವಿದ್ದಕ್ಕೇ ತಾನೆ ಈಗ ಆ ಹೆಸರು ಖಾಲಿ ಸಿಕ್ಕಿದ್ದು? ಭಲೇ.

ಮುಂದೆ ಓನರ್ ಮನೆ. ಮಂಗಳೂರು ಹೆಂಚು, ಕಿಟಕಿಗಳ ಮೇಲೆ ಚೂಪು ಟೋಪಿಯಂಥ ಮರದ ಮಂಕಿ ಟಾಪ್. ಹಿಂದೆ ರೈಲು ಬೋಗಿಯಂತೆ ಎಂಟು ಸಾಲು ಮನೆ. ಅವುಗಳ ಕಿಟಕಿಗೆ ಟೋಪಿ ಇರಲಿಲ್ಲ. ಬಾಡಿಗೆಯವರಿಗೆ ಹಾಕುವ ಟೋಪಿಯೇ ಬೇರೆ, ಅಲ್ವಾ? ಎರಡು ಮನೆಗೆ ಒಂದೇ ಗೋಡೆ, ಹಾಗಾಗಿ ಪಕ್ಕಕ್ಕೆ ಕಿಟಕಿ ಇಲ್ಲ. ಬೆಳಕು ಬೇಕೆಂದರೆ ಮಾಡಿಗೆ ಒಂದು ಗಾಜಿನ ಹೆಂಚು. ಮುಂಬಾಗಿಲಲ್ಲಿ ನಿಂತರೆ ಹಿತ್ತಲು ಕಾಣುತ್ತಿತ್ತು. ಗಾಳಿಗೂ ಅದೇ ದಾರಿ. ರೆಡ್ ಆಕ್ಸೈಡ್ ನೆಲ, ಗೋಡೆಯಲ್ಲಿ ದೀಪದ ಗೂಡು, ಬಚ್ಚಲಲ್ಲಿ ಹಂಡೆ, ಬಾಗಿಲ ಪಕ್ಕ ಜಗಲಿ.

ನಲ್ಲಿ ವಿಷಯ ಹೇಳಲೇಬೇಕು. ಎಂಟು ಮನೆಗೆ ಒಂದು ನಲ್ಲಿ. ರಾತ್ರಿ ಮಲಗುವ ಮೊದಲೇ ಕೊಡಗಳ ಸಾಲು. ಕೊಡ ಬಿಡಲು ಮನಸ್ಸಿಲ್ಲದವರು ಒಂದು ಕಲ್ಲಿಟ್ಟು ಹೋಗುತ್ತಿದ್ದರು. ಒಮ್ಮೆ ಯಾರೋ ಕಲ್ಲನ್ನು ಹಿಂದಕ್ಕೆ ಸರಿಸಿದರೆಂದು ಎರಡು ಮನೆಯವರು ಒಂದು ವರ್ಷ ಮಾತು ಬಿಟ್ಟರು. ಗೋಡೆ ಒಂದೇ ಆದ್ದರಿಂದ ಬೈಗುಳಕ್ಕೇನೂ ತೊಂದರೆ ಆಗಲಿಲ್ಲ. ಕಕ್ಕಸಿನ ಕ್ಯೂ ಬಗ್ಗೆ ಬರೆಯೋದಿಲ್ಲ, ನೀವು ತಿಂಡಿ ತಿನ್ನುತ್ತಿರಬಹುದು. ಜಾಹೀರಾತಿನಲ್ಲಿ ಇದಕ್ಕೆಲ್ಲ 'ಸಮುದಾಯ ಜೀವನ' ಅಂತ ಹೆಸರು.

ಅಂದಹಾಗೆ, ಮಲ್ಲೇಶ್ವರ, ಬಸವನಗುಡಿ ಬೆಳೆದದ್ದೇ 1898ರ ಪ್ಲೇಗಿನ ಭಯದಿಂದ. ಪೇಟೆಯ ಇಕ್ಕಟ್ಟು ಸಾಕೆಂದು ಗೆರೆ ಎಳೆದಂತೆ ರಸ್ತೆ, ಮನೆಗಳ ಹಿಂದೆ ಕಸ, ಕಕ್ಕಸು ಸಾಗಿಸೋಕೆ ಕನ್ಸರ್ವೆನ್ಸಿ ಗಲ್ಲಿ, ಗಾಳಿಗೆ ಜಾಗ. ಆಮೇಲೆ ಸೈಟುಗಳ ಹಿತ್ತಲಲ್ಲಿ ವಠಾರ ತುಂಬಿಸಿದೆವು. ಈಗ ವಠಾರದ ಮೇಲೆ 14 ಅಂತಸ್ತು. ಇಲಿಗಳಿಗೆ ಮಾತ್ರ ಯಾವ ಕಾಲದಲ್ಲೂ ನಿರಾಸೆ ಆಗಿಲ್ಲ.

ಹೊಗಳಿದ್ದು ಸಾಕು. 'ಕಟ್ಟಡ ಶಿಥಿಲವಾಗಿತ್ತು' ಅಂತಾರೆ. ಐದು ಮಳೆಗಾಲ ಹೆಂಚು ಕೈಯಾಡಿಸದೆ ಬಿಟ್ಟರೆ ಯಾವ ಮನೆ ಶಿಥಿಲ ಆಗೋಲ್ಲ? ಬೇಕೂಂತಲೇ ಬಿಡುತ್ತಾರೆ. ಬೀಳಲಿ ಅಂತ ಕಾಯುತ್ತಾರೆ. ಇತ್ತ ನಾವು ಭಾನುವಾರ ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಹಳೇ ಮನೆ ನೋಡುವ ನಡಿಗೆ ಹೋಗುತ್ತೇವೆ. ಮುಂದಿನ ಸಲ ಹೋಗುವಷ್ಟರಲ್ಲಿ ಅಲ್ಲಿ ಹಸಿರು ಪರದೆ. ನೋಡಿ ನೋಡಿ ಸುಸ್ತಾಗಿದೆ. ಯಾರಿಗೂ ನಾಚಿಕೆ ಇಲ್ಲ. ನಾನೂ ಆ ವಠಾರದ ಫೋಟೊ ತೆಗೆದು, ಸುಮ್ನೆ ಮನೆಗೆ ಬಂದವನೇ.

ಮೊನ್ನೆ ಆ ಜಾಹೀರಾತಿನವರ ಮಾದರಿ ಮನೆ ನೋಡಲು ಹೋದೆ. ಕಾಫಿ ಪುಕ್ಕಟೆ. ಲಾಬಿಯ ಗೋಡೆಗೆ ಒಂದು ಹಳೇ ಬಾಗಿಲು ಹೊಡೆದಿದ್ದರು, ಚಿಲಕ ಸಮೇತ. ಅದರ ಹಿಂದೆ ಮನೆ ಇಲ್ಲ. ಕೆಂಪು ನೆಲ ಬೇಕಾದರೆ ಎಕ್ಸ್‌ಟ್ರಾ ದುಡ್ಡು. ಹೊರಗೆ ನುಣುಪಾದ ಜಗಲಿ ಇತ್ತು. ನನಗೆ ಮಂಡಿನೋವು, ಕೂತೆ.

ಸೆಕ್ಯುರಿಟಿ ಹುಡುಗ ಓಡಿ ಬಂದ. 'ಸಾರ್, ಅಲ್ಲಿ ಕೂರಬಾರದು. ಏಳಿ ಸಾರ್, ಅದು ಡಿಸೈನು.'