ಹಳದಿ ಹೂ ಬಿಟ್ಟದ್ದೆಲ್ಲ ಗರುಗವಲ್ಲ

"ಅಯ್ಯೋ, ಭೃಂಗರಾಜ ಕಣ್ರೀ ಇದು, ಕಿತ್ತುಗಿತ್ತೀರಾ ಮತ್ತೆ!" ಎಂದು ಕಾಂಪೌಂಡಿನಾಚೆಯಿಂದ ಕೂಗುವವರು ಬೀದಿಗೊಬ್ಬರಾದರೂ ಇರುತ್ತಾರೆ. ಅವರ ಕಣ್ಣಿಗೆ ಹಸಿರಾಗಿರುವುದೆಲ್ಲ ಔಷಧಿ. ಎಲೆ ದುಂಡಗಿದ್ದರೆ ಒಂದೆಲಗ, ಉದ್ದಕ್ಕಿದ್ದರೆ ನೆಲಬೇವು, ಹಳದಿ ಹೂ ಕಂಡರೆ ಗರುಗ, ಅಂದರೆ ಅದೇ ಭೃಂಗರಾಜ. ಹಾಲಿಗೆ ಹೊರಟವರು ಗೇಟಿನ ಬಳಿ ನಿಂತು ಅದು ವಾಸಿಮಾಡುವ ರೋಗಗಳನ್ನೆಲ್ಲ ಒಪ್ಪಿಸಿ, ಒಂದು ಹಿಡಿ ಕಿತ್ತುಕೊಂಡೇ ಹೋಗುತ್ತಾರೆ. ಕೊಬ್ಬರಿ ಎಣ್ಣೆಯಲ್ಲಿ ಕುದಿಸಿ ತಲೆಗೆ ಹಚ್ಚುತ್ತಾರೆ. ಕೂದಲು ಬಂತೇ ಎಂದು ನೋಡೋಣವೆಂದರೆ, ಮಂಕಿ ಟೋಪಿ ಅಡ್ಡ!

ಅವರು ಒಯ್ದದ್ದು ವೆಡೇಲಿಯಾ. ರಸ್ತೆ ಡಿವೈಡರ್‌ಗಳಲ್ಲಿ ಹಾಸಿಕೊಂಡಿರುತ್ತದಲ್ಲ, ಅದೇ. ಶಾಸ್ತ್ರೀಯವಾಗಿ ಸ್ಫ್ಯಾಗ್ನೆಟಿಕೋಲ ಟ್ರೈಲೊಬೇಟ, ಅಮೆರಿಕ ಖಂಡದ ಬೆಚ್ಚನೆಯ ಭಾಗದಿಂದ ಬಂದದ್ದು. ಜಗತ್ತಿನ ನೂರು ಮಹಾ ಉಪದ್ರವಿ ಜೀವಿಗಳ ಪಟ್ಟಿಯಲ್ಲಿ ಹೆಸರು ಮಾಡಿದೆ. ಎಲೆ ಜೋಡಿಜೋಡಿ, ದಪ್ಪ, ಹೊಳಪು. ಅಂಚು ಹಲ್ಲುಹಲ್ಲು, ಎರಡೂ ಪಕ್ಕ ಕಿವಿಯಂತೆ ಚಾಚಿ ಮೂರು ಸೀಳಾಗಿ ಕಾಣುತ್ತದೆ. ಉದ್ದ ತೊಟ್ಟಿನ ಮೇಲೆ ಒಂಟಿ ಹಳದಿ ಹೂ, ನಾಣ್ಯದಗಲ.

ನಿಜವಾದ ಗರುಗದ ಹೂ ಬಿಳಿ, ಅಂಗಿ ಗುಂಡಿಗಿಂತ ಚಿಕ್ಕದು. ಎಲೆ ಸಪೂರ, ಮುಟ್ಟಿದರೆ ಒರಟು. ಅಂಗೈಯಲ್ಲಿ ಹೊಸಕಿದರೆ ರಸ ಸ್ವಲ್ಪ ಹೊತ್ತಿಗೆಲ್ಲ ಕಪ್ಪಾಗುತ್ತದೆ. ಹಳದಿ ಹೂವಿನ ಗರುಗವೂ ಒಂದಿದೆ ಎಂದು ವಾದಿಸುವವರಿಗೆ: ಇದೆ, ಆದರೆ ಅದರ ಎಲೆ ಉದ್ದುದ್ದ, ಸೀಳಿರುವುದಿಲ್ಲ. ಬಚ್ಚಲ ನೀರು ಹರಿಯುವ ಕಡೆ ಗರುಗ ತಾನಾಗಿ ಏಳುತ್ತಿತ್ತು, ಯಾರೂ ನೆಡುತ್ತಿರಲಿಲ್ಲ. ಈಗ ಆ ಜಾಗಕ್ಕೆಲ್ಲ ಕಾಂಕ್ರೀಟು ಬಿದ್ದು, ಗರುಗದೆಣ್ಣೆ ಬಾಟಲಿಯಲ್ಲಿ ಬರುತ್ತದೆ.

ವೆಡೇಲಿಯಾಕ್ಕೆ ಬೀಜದ ಹಂಗು ಕಡಿಮೆ. ನೆಲ ತಾಗಿದ ಗಿಣ್ಣುಗಿಣ್ಣಿಗೂ ಬೇರು. ಹಾಗಾಗಿ ಮಚ್ಚಿನಿಂದ ಕೊಚ್ಚುವುದೆಂದರೆ ನಾಟಿ ಮಾಡಿದಂತೆಯೇ; ಒಂದು ಗಿಣ್ಣಿರುವ ತುಂಡು ಸಾಕು, ಚಿಗುರುತ್ತದೆ. ಮಳೆ ಬಿದ್ದ ಮಾರನೆಯ ದಿನ, ಇಲ್ಲವೇ ಚೆನ್ನಾಗಿ ನೀರುಣಿಸಿ, ಮಣ್ಣು ಸಡಿಲಿಸಿ, ಬಳ್ಳಿಯ ತುದಿಯಿಂದ ಬುಡದ ಕಡೆಗೆ ಒಂದೊಂದೇ ಗಿಣ್ಣನ್ನು ಬೇರುಸಮೇತ ಎಬ್ಬಿಸಬೇಕು. ಕಿತ್ತದ್ದನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ತಾರಸಿಯ ಬಿಸಿಲಿನಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ. ಪಕ್ಕದ ಖಾಲಿ ಸೈಟಿಗೆ ಎಸೆದಿರೋ, ಬೇಲಿಯಡಿ ನುಸುಳಿ ವಾಪಸು ಬರುತ್ತದೆ. ಎರಡು ತಿಂಗಳು ವಾರಕ್ಕೊಮ್ಮೆ ಬಗ್ಗಿ ನೋಡಿ, ಹೊಸ ಚಿಗುರು ಕಂಡಲ್ಲೇ ಕೀಳಿ.

ಹೂವಿನ ಮೇಲೆ ಆಸೆಯಿದ್ದರೆ ತೂಗುಕುಂಡವೇ ಸರಿ. ಬಳ್ಳಿ ನೆಲಕ್ಕೆ ಒಂದು ಗೇಣಿರುವಾಗಲೇ ಕತ್ತರಿ ಹಾಕಿ.